ಒಂಬತ್ತು ಇಪ್ಪತ್ತರ ಚಹಾ

ಮೆಲ್ಬರ್ನಿನ ನಮ್ಮ ಪ್ರಾಥಮಿಕ ಶಾಲೆಯ ಮುಂದಿನ ಕ್ರಾಸಿಂಗ್‌ನಲ್ಲಿ ಸುಮಾರು ಹದಿನಾಲ್ಕು ವರ್ಷ ಸ್ಟಾಪ್ ಫಲಕ ಹಿಡಿದು ಮಕ್ಕಳನ್ನು ರಸ್ತೆ ದಾಟಿಸುತ್ತಿದ್ದ ಮೇಲ್ವಿಚಾರಕರು ಕಳೆದ ವರ್ಷ ಶಾಲೆಯ ನಾಲ್ಕು ಟರ್ಮುಗಳಲ್ಲಿ ಎರಡನೆಯದರ ನಡುವೆ ಹಠಾತ್ತನೆ ತೀರಿಕೊಂಡರು. ಕೋಲಿನ ತುದಿಯ ದುಂಡು ಫಲಕದಿಂದಾಗಿ ಇಲ್ಲಿಯ ಮಕ್ಕಳಿಗೆ ಅವರು ಲಾಲಿಪಾಪ್ ಮ್ಯಾನ್. ನನ್ನ ಮಕ್ಕಳಿಗೆ ಲಾಲಿಪಾಪ್ ತಾತ. ಅವರ ಮನೆಯವರಿಗೆ ನೆರವಾಗಲು, ದಿನಕ್ಕೊಬ್ಬರು ಹೋಗಿ ಜೊತೆಗೆ ಚಹಾ ಕುಡಿದು ಬರುವಂತೆ ನಾನು ಹಾಕಿದ ಯೋಜನೆಯನ್ನು ಕೇಳಿ ಪೋಷಕರಲ್ಲಿ ಮುಕ್ಕಾಲು ಪಾಲು ಜನ ‘ಎರಡು ವಾರ ನಡೆದರೆ ಹೆಚ್ಚು’ ಎಂದರು. ಅದು ವರ್ಷದ ಕೊನೆಯ ಶಾಲಾ ದಿನದವರೆಗೂ ನಡೆಯಿತು. ಆ ಕಾರಣಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸಾವಾದ ಮನೆಗೆ ಸರದಿಯಲ್ಲಿ ಊಟ ಕಳುಹಿಸುವುದು, ಕಾರ್ಡು, ಆನ್‌ಲೈನ್ ದೇಣಿಗೆಯ ಪುಟ ಇವುಗಳನ್ನು ನಡೆಸಿ ಬಲ್ಲವರಿಗೆ ಅವುಗಳ ವಿವರಣೆ ಬೇಕಿಲ್ಲ. ಅವು ಎಲ್ಲಿ ಕೈಕೊಟ್ಟವು ಎಂಬುದನ್ನಷ್ಟೇ ಹೇಳುತ್ತೇನೆ. ಮೊದಲನೆಯ ತಪ್ಪು ಹೂವಿನದು. ಮಾರನೆಯ ಬೆಳಿಗ್ಗೆಯೇ ಕ್ರಾಸಿಂಗಿನ ಗುರುತಾದ ಕೇಸರಿ ಬಾವುಟದ ಕಂಬಗಳ ಬುಡದಲ್ಲಿ ಹೂಗುಚ್ಛ, ಬೊಂಬೆ, ಬಲೂನುಗಳ ರಾಶಿ ಬಿದ್ದಿತು, ಮತ್ತು ಒಂದನೆಯ ತರಗತಿಗಿಂತ ಮೊದಲಿನ ಪ್ರೆಪ್ ತರಗತಿಯ ಮಗುವಿನ ಎತ್ತರಕ್ಕೆ ಕುಳಿತು ನೋಡಿದರೆ ಆ ರಾಶಿಯ ಆಚೆ ಬರುವ ಕಾರು ಕಾಣುತ್ತಿರಲಿಲ್ಲ. ಮಕ್ಕಳನ್ನು ಕಾಯುವುದಕ್ಕೇ ನಿಂತಿದ್ದವರ ನೆನಪಿನಲ್ಲಿ ನಾವೇ ಮಕ್ಕಳ ನೋಟಕ್ಕೆ ಅಡ್ಡ ಕಟ್ಟಿದ್ದೆವು. ಸಂಜೆಯೊಳಗೆ ಎಲ್ಲವನ್ನೂ ಶಾಲೆಯ ಬೇಲಿಗೆ ಸಾಗಿಸಿದೆವು. ಮೂರನೆಯ ದಿನದ ಮಳೆ ಉಳಿದದ್ದನ್ನು ಮುಗಿಸಿತು.

ಎರಡನೆಯದು ಊಟ. ಮೊದಲ ವಾರದಲ್ಲೇ ಹದಿನೇಳೋ ಹದಿನೆಂಟೋ ಟ್ರೇ ಆ ಮನೆಗೆ ಹೋದವು. ಫ್ರೀಜರ್ ತುಂಬಿ, ಇನ್ನು ಸಾಕೆಂದು ಅವರ ಮಗಳು ಬಹಳ ಸಂಕೋಚದಿಂದ ತಿಳಿಸಿದರು. ಅದೇ ಮಾತುಕತೆಯಲ್ಲಿ, ಸಂಜೆ ಬರುವ ಅತಿಥಿಗಳಿಂದ ತಾಯಿಗೆ ದಣಿವಾಗುತ್ತಿದೆ, ಅವರಿಗೆ ನಿಜವಾಗಿ ಕಷ್ಟವಾಗುವುದು ಬೆಳಿಗ್ಗೆ ಒಂಬತ್ತು ಕಾಲರ ಹೊತ್ತು ಎಂದರು. ಬೆಳಗಿನ ಪಾಳಿ ಮುಗಿಸಿ, ಬಾವುಟಗಳನ್ನು ತೆಗೆದಿಟ್ಟು, ತಾತ ಮನೆ ಸೇರುತ್ತಿದ್ದದ್ದು ಆಗ. ಇಬ್ಬರೂ ಕುಳಿತು ಚಹಾ ಕುಡಿಯುತ್ತಿದ್ದದ್ದು ಆಗ. ಪತ್ನಿ ಅಭ್ಯಾಸಬಲದಿಂದ ಎರಡು ಲೋಟ ತೆಗೆದಿಡುತ್ತಿದ್ದರಂತೆ.

ನನ್ನ ಯೋಜನೆಯೆಲ್ಲ ಹುಟ್ಟಿದ್ದು ಈ ಒಂದು ಮಾತಿನಿಂದ. ಮಕ್ಕಳನ್ನು ಬಿಟ್ಟು ಹಿಂತಿರುಗುವ ಪೋಷಕರಲ್ಲಿ ದಿನಕ್ಕೆ ಒಬ್ಬರು, ಒಬ್ಬರೇ, ಒಂಬತ್ತು ಇಪ್ಪತ್ತಕ್ಕೆ ಆ ಮನೆಗೆ ಹೋಗಿ ಚಹಾ ಕುಡಿದು ಹದಿನೈದು ನಿಮಿಷದಲ್ಲಿ ಎದ್ದು ಬರಬೇಕು. ಕೈಯಲ್ಲಿ ಏನನ್ನೂ ಒಯ್ಯಬಾರದು. ಬರಿಗೈಯಲ್ಲಿ ಸಾವಿನ ಮನೆಗೆ ಹೋಗುವುದು ಹೇಗೆ ಎಂದು ಹಲವರು ಆಕ್ಷೇಪಿಸಿದರು. ಆದರೆ ಏನಾದರೂ ಒಯ್ದವರಿಗೆ ಅದನ್ನು ಕೊಟ್ಟೊಡನೆ ಕೆಲಸ ಮುಗಿದಂತಾಗುತ್ತದೆ ಎಂಬುದನ್ನು ನಾನು ಹಿಂದೆ ಎರಡು ಬಾರಿ ಕಂಡಿದ್ದೆ. ಸುಮಾರು ಮೂವತ್ತೈದು ಮಂದಿ ಒಪ್ಪಿದರು, ಆದ್ದರಿಂದ ಒಬ್ಬೊಬ್ಬರ ಸರದಿ ಏಳು ವಾರಕ್ಕೊಮ್ಮೆ ಬಂತು. ಟರ್ಮ್ ರಜೆಯ ಎರಡು ವಾರ ಮಾತ್ರ ನನ್ನ ಲೆಕ್ಕದಲ್ಲಿ ಇರಲಿಲ್ಲ. ಮೊದಲ ರಜೆಯಲ್ಲಿ ಯಾರೂ ಹೋಗಲಿಲ್ಲ, ಮತ್ತು ಆ ನಾಚಿಕೆ ನನಗೆ ಇನ್ನೂ ಇದೆ.

ಹಣದ ವಿಷಯದಲ್ಲಿ ನನ್ನ ಹಳೆಯ ಅನುಭವ ಕಹಿಯಾದದ್ದು. ನಾಲ್ಕೈದು ವರ್ಷಗಳ ಹಿಂದೆ ಇನ್ನೊಂದು ಕುಟುಂಬಕ್ಕಾಗಿ ಆನ್‌ಲೈನಿನಲ್ಲಿ ಎತ್ತಿದ 3,800 ಡಾಲರ್‌ನಷ್ಟು ಹಣ, ಶುಲ್ಕ ಕಳೆದು, ಅವರ ಕೈಸೇರಲು ಏಳು ವಾರ ಹಿಡಿಯಿತು. ಅದನ್ನು ಯಾವುದಕ್ಕೆ ಖರ್ಚು ಮಾಡಬೇಕೆಂದು ಕೊಟ್ಟವರೇ ಜಗಳವಾಡಿದರು. ಈ ಸಲ ಯಾರ ಕೈಯಲ್ಲೂ ಹಣ ನಿಲ್ಲಬಾರದೆಂದು ನಿಶ್ಚಯಿಸಿ, ಎಪ್ಪತ್ತು ಕುಟುಂಬಗಳು ಹದಿನೈದು ದಿನಕ್ಕೆ ಹತ್ತು ಡಾಲರಿನಂತೆ ನೇರವಾಗಿ ಪತ್ನಿಯ ಖಾತೆಗೇ ಹಾಕುವಂತೆ, ಬ್ಯಾಂಕಿನಲ್ಲಿ ತಾನಾಗಿಯೇ ಹೋಗುವ ಪಾವತಿ ಮಾಡಿಸಿದೆವು. ತೆರಿಗೆ ವಿನಾಯಿತಿಯ ರಸೀತಿ ಕೇಳಿದವರಿಗೆ, ಒಬ್ಬ ವ್ಯಕ್ತಿಗೆ ಕೊಟ್ಟ ಉಡುಗೊರೆಗೆ ಅದು ಸಿಗುವುದಿಲ್ಲವೆಂದು ಮೊದಲೇ ಹೇಳಿದ್ದರಿಂದ ಐದಾರು ಮಂದಿ ಹಿಂದೆ ಸರಿದರು. ಮಗಳು ಕೊನೆಯಲ್ಲಿ ಕೂಡಿ ಹೇಳಿದ ಮೊತ್ತ ಎಂಟು ಸಾವಿರ ಡಾಲರಿನ ಆಸುಪಾಸು. ನಡುವೆ ನಿಲ್ಲಿಸಿದ್ದ ಕುಟುಂಬಗಳಲ್ಲಿ ಒಂಬತ್ತನ್ನು, ಒಂದೂ ಜ್ಞಾಪನೆ ಕಳುಹಿಸದೆ, ಮತ್ತೆ ಸೇರಿಸಿದ ಬಗೆಯನ್ನು ಮಾತ್ರ ನಾನು ಇಲ್ಲಿ ಹೇಳುವುದಿಲ್ಲ.

ಇಷ್ಟು ನಿಧಾನವಾಗಿ ಕೊಡಲು ಸಾಧ್ಯವಾದದ್ದು ಅಂತ್ಯಕ್ರಿಯೆಯ ಹೊರೆ ನಮ್ಮ ಮೇಲೆ ಬೀಳಲಿಲ್ಲವಾದ್ದರಿಂದ. ಬಿಲ್ಲನ್ನು ಕೊಟ್ಟರೆ ಇಲ್ಲಿಯ ಬ್ಯಾಂಕುಗಳು ಸಾಮಾನ್ಯವಾಗಿ ಮೃತರ ಖಾತೆಯಲ್ಲಿರುವ ಹಣದಿಂದಲೇ ಅದನ್ನು ಪಾವತಿಸುತ್ತವೆ. ಏಳು ಸಾವಿರ ಡಾಲರಿನಷ್ಟಿದ್ದ ಬಿಲ್ಲು ಹಾಗೆಯೇ ತೀರಿತು. ದಂಪತಿ ಇಬ್ಬರೂ ವೃದ್ಧಾಪ್ಯ ಪಿಂಚಣಿ ಪಡೆಯುತ್ತಿದ್ದುದರಿಂದ, ಅದನ್ನು ಕೊಡುವ ಸರ್ಕಾರಿ ಸಂಸ್ಥೆಯಾದ ಸೆಂಟರ್‌ಲಿಂಕ್‌ನಲ್ಲಿ 14 ವಾರಗಳವರೆಗಿನ ಮರಣಾನಂತರದ ನೆರವನ್ನು ವಿಚಾರಿಸುವಂತೆ ನೆನಪಿಸಿದೆವು. ನಿವೃತ್ತಿಗೆಂದು ದುಡಿಮೆಯ ಕಾಲದಲ್ಲಿ ಕೂಡಿಡುವ ಸೂಪರ್ ನಿಧಿಯ ಹಣ ಉಯಿಲಿನೊಳಗೆ ತಾನಾಗಿಯೇ ಬರುವುದಿಲ್ಲ, ನಿಧಿಯವರಿಗೆ ಬೇರೆಯಾಗಿ ಅರ್ಜಿ ಹಾಕಬೇಕು ಎಂಬುದು ಅವರಿಗೆ ತಿಳಿದಿರಲಿಲ್ಲ. ಆ ಕಾಗದಪತ್ರಕ್ಕೆ ನಾಲ್ಕು ತಿಂಗಳು ಹಿಡಿಯಿತು.

ಮನೆಯವರಿಗೆಂದು ಮಕ್ಕಳಿಂದ ಬರೆಸಲು ಹೊರಟ ನೆನಪಿನ ಪುಸ್ತಕವೂ ಮೊದಲ ಸಲ ಸೋತಿತು. ‘ತಾತನ ಬಗ್ಗೆ ಎರಡು ಮಾತು ಬರೆಯಿರಿ’ ಎಂದಾಗ ಬಂದ ತೊಂಬತ್ತು ಹಾಳೆಗಳಲ್ಲಿ ಎಂಬತ್ತು ‘ನೀವು ಬಹಳ ಒಳ್ಳೆಯವರು’ ಎಂದೇ ಹೇಳಿದವು. ಮಕ್ಕಳ ಧ್ವನಿ ಮುದ್ರಿಸಿಕೊಳ್ಳಲು ಹೊರಟೆ. ಗಾಳಿಯ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ. ಭಾನುವಾರದ ಕನ್ನಡ ತರಗತಿಯ ಮಕ್ಕಳಿಂದ ಬರೆಸಿದಾಗ, ಪದ ಸಾಲದ ಅವರು ಗುಣವಾಚಕ ಬಿಟ್ಟು ನಡೆದದ್ದನ್ನೇ ಬರೆದರು. ದಾರಿ ಅಲ್ಲಿ ತೋರಿತು. ಪ್ರಶ್ನೆಯನ್ನು ‘ತಾತ ನಿನ್ನನ್ನು ಯಾವಾಗ ತಡೆದು ನಿಲ್ಲಿಸಿದರು?’ ಎಂದು ಬದಲಿಸಿದೆ. ಆಗ ಬಂದವು ನಿಜವಾದ ನೆನಪುಗಳು: ಶೂ ಲೇಸು ಬಿಚ್ಚಿದ್ದರೆ ‘ದಾಟಿ’ ಎನ್ನುವ ಎರಡು ಸೀಟಿ ಊದದೆ ಕಾಯುತ್ತಿದ್ದರು, ಸ್ಕೂಟರಿನಿಂದ ಇಳಿಯದವನಿಗೆ ಫಲಕದ ಕೋಲನ್ನು ನೆಲಕ್ಕೆ ಕುಟ್ಟಿ ತೋರಿಸುತ್ತಿದ್ದರು, ತನಗೊಬ್ಬ ತಮ್ಮ ಹುಟ್ಟಿದ ದಿನ ಅಳುತ್ತ ಬಂದ ಹುಡುಗಿಯೊಬ್ಬಳನ್ನು ಒಬ್ಬಳನ್ನೇ, ಎರಡೂ ಕಡೆಯ ವಾಹನ ನಿಲ್ಲಿಸಿ, ರಾಣಿಯಂತೆ ದಾಟಿಸಿದ್ದರು.

ಪುಸ್ತಕದ ಮೂರು ಪ್ರತಿ ಮಾಡಿಸಿದೆವು. ಒಂದು ಮನೆಗೆ ಹೋಯಿತು, ಒಂದು ಶಾಲೆಯ ಕಚೇರಿಯಲ್ಲಿದೆ. ಮೂರನೆಯದನ್ನು ಹೊಸ ಮೇಲ್ವಿಚಾರಕರೇ ಕೇಳಿ ತೆಗೆದುಕೊಂಡರು. ಯಾವ ಮಗು ನೋಡದೆ ಓಡುತ್ತದೆ ಎಂಬುದು ಅದರಲ್ಲಿ ಹೆಸರು ಸಮೇತ ಇತ್ತು.