ಮುದ್ರೆಯ ಮನೆಯಿಂದ ಬಂದವಳ ಹಚ್ಚೆ: ನನ್ನ ಅನುಭವ

ಕಟ್ಟುನಿಟ್ಟಿನ ಆಚಾರದ ಮನೆಯಿಂದ ಹೊರಬಂದವರಿಗೆ ಮೊದಲು ಹೊಳೆಯುವ ಹಚ್ಚೆ ಸಾಮಾನ್ಯವಾಗಿ ಬಿಟ್ಟುಬಂದದ್ದಕ್ಕೆ ಎದುರುತ್ತರ ಕೊಡುವಂಥದ್ದೇ ಆಗಿರುತ್ತದೆ. ನನಗೂ ಹಾಗೆಯೇ ಹೊಳೆದಿತ್ತು. ಉಡುಪಿಯ ರಥಬೀದಿಗೆ ನಡೆದು ಹೋಗಬಹುದಾದಷ್ಟು ಹತ್ತಿರದ ಮಾಧ್ವ ಮನೆಯಲ್ಲಿ ಬೆಳೆದ ನಾನು, ಮಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಏಕಾದಶಿಯ ಉಪವಾಸ, ಮಡಿ, ತಿಂಗಳಿಗೆ ಮೂರು ದಿನ ಹೊರಗೆ ಕೂರುವುದು, ಚಾತುರ್ಮಾಸ್ಯದ ಅಡುಗೆ ಎಲ್ಲವನ್ನೂ ಒಂದೊಂದಾಗಿ ಬಿಟ್ಟೆ. ಕೊನೆಗೆ ನಂಬಿಕೆಯೂ ಉಳಿಯಲಿಲ್ಲ. ಆಗ ನನ್ನ ಮನಸ್ಸಿನಲ್ಲಿದ್ದ ಚಿತ್ರ ಅಡ್ಡಕ್ಕೆ ಕೊಯ್ದ ಈರುಳ್ಳಿಯದು. ನಮ್ಮ ಅಡುಗೆಮನೆಯ ಹೊಸ್ತಿಲು ದಾಟದ ತರಕಾರಿ ನನ್ನ ಕೈಯ ಮೇಲೆ ಕಾಯಂ ಆಗಿ ಕೂರಲಿ ಎಂಬ ಹಠ. ಆದರೆ ಅಂಥ ಚಿತ್ರವನ್ನು ನೋಡಿದವರಿಗೆಲ್ಲ ಮನೆಯ ಕಥೆಯನ್ನು ಮೊದಲಿನಿಂದ ಹೇಳಬೇಕಾಗುತ್ತದೆ, ಮತ್ತು ಹೇಳಿದಷ್ಟು ಸಲವೂ ನಾನು ಆ ಅಡುಗೆಮನೆಯಲ್ಲೇ ನಿಂತಿರುತ್ತೇನೆ ಎಂದು ಅನಿಸಿದ್ದರಿಂದ, ಸಿಟ್ಟು ಇಳಿಯುವ ತನಕ ಕಾಯುವುದೇ ಸರಿ ಎಂದುಕೊಂಡೆ.

ಗುರುತು ಹಾಕಿಸಿಕೊಳ್ಳುವುದು ನಮ್ಮಲ್ಲಿ ಹೊಸದೇನೂ ಅಲ್ಲ. ಆಷಾಢ ಶುದ್ಧ ಏಕಾದಶಿಯಂದು ಮಠದಲ್ಲಿ ಸುದರ್ಶನ ಹೋಮವಾಗಿ, ಅದೇ ಅಗ್ನಿಯಲ್ಲಿ ಕಾಯಿಸಿದ ಲೋಹದ ಮುದ್ರೆಗಳನ್ನು ಸ್ವಾಮಿಗಳು ಸಾಲಿನಲ್ಲಿ ಬಂದವರ ಮೈಮೇಲೆ ಒತ್ತುತ್ತಾರೆ. ಬಲಕ್ಕೆ ಚಕ್ರ, ಎಡಕ್ಕೆ ಶಂಖ. ಗಂಡಸರು ತೋಳು ಒಡ್ಡುತ್ತಾರೆ, ಹೆಂಗಸರು ಬಳೆಗಳನ್ನು ಮೇಲಕ್ಕೆ ಸರಿಸಿ ಮುಂಗೈ ಚಾಚುತ್ತಾರೆ. ಮಳೆಯಲ್ಲಿ ನೆನೆದ ಸೀರೆಗಳ ನಡುವೆ ಒತ್ತಿಕೊಂಡು ನಿಂತು, ಮುಂದಿನವರ ಮಗು ಕಿರುಚಿದ ಕೂಡಲೇ ಕೈಯನ್ನು ಲಂಗದ ಮಡಿಕೆಯೊಳಗೆ ಬಚ್ಚಿಟ್ಟುಕೊಳ್ಳುತ್ತಿದ್ದದ್ದು, ಅಮ್ಮ ಅದನ್ನು ಎಳೆದು ಹೊರಗೆ ತರುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ನೋವು ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ. ಆ ನೋವಿನ ಬಗ್ಗೆ ನನಗೆ ದೂರಿಲ್ಲ; ಬೇಕೋ ಬೇಡವೋ ಎಂದು ಯಾರೂ ಕೇಳಲಿಲ್ಲ ಎಂಬುದಷ್ಟೇ ನನ್ನ ತಕರಾರು.

ಹಚ್ಚೆಯ ಬಗ್ಗೆ ಓದತೊಡಗಿದ ಮೇಲೆಯೇ ಮುದ್ರೆ ಪ್ರತಿವರ್ಷ ಏಕೆ ಬೇಕಾಗುತ್ತದೆ ಎಂಬುದು ದೇಹದ ಲೆಕ್ಕದಲ್ಲಿ ನನಗೆ ಅರ್ಥವಾಯಿತು. ತಂದೆಯವರ ಗೋಪೀಚಂದನದ ನಾಮ ಚರ್ಮದ ಮೇಲೆ ಕೂತಿರುತ್ತದೆ, ನೀರು ತಾಗಿದರೆ ಹೋಗುತ್ತದೆ. ಕಾದ ಮುದ್ರೆ ಹೆಚ್ಚಾಗಿ ಹೊರಪದರವನ್ನಷ್ಟೇ ಸುಡುತ್ತದೆ. ಆ ಪದರ ಸುಮಾರು ಒಂದೆರಡು ತಿಂಗಳಲ್ಲಿ ಪೂರ್ತಿ ಹೊಸದಾಗುವುದರಿಂದ ಗುರುತು ಅಳಿಯುತ್ತದೆ. ಹಚ್ಚೆಯ ಸೂಜಿ ಒಂದರಿಂದ ಎರಡು ಮಿಲಿಮೀಟರ್ ಆಳಕ್ಕೆ, ಒಳಚರ್ಮಕ್ಕೆ ಶಾಯಿಯನ್ನು ಇಳಿಸುತ್ತದೆ. ಅಲ್ಲಿ ಮ್ಯಾಕ್ರೋಫೇಜ್ ಎಂಬ ಕಾವಲು ಕೋಶಗಳು ಶಾಯಿಯ ಕಣಗಳನ್ನು ನುಂಗಿಕೊಳ್ಳುತ್ತವೆ, ಆದರೆ ಕರಗಿಸಲಾರವು. ಇಲಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, ಹೀಗೆ ನುಂಗಿದ ಕೋಶ ಸತ್ತಾಗ ಹೊರಬೀಳುವ ಶಾಯಿಯನ್ನು ಅದರ ಜಾಗಕ್ಕೆ ಬಂದ ಹೊಸ ಕೋಶ ಮತ್ತೆ ನುಂಗಿಕೊಳ್ಳುತ್ತದೆ ಎಂದು ತೋರಿಸಿತು. ಅಂದರೆ ಈ ಗುರುತನ್ನು ನವೀಕರಿಸಲು ಯಾರ ಮುಂದೆಯೂ ಸಾಲು ನಿಲ್ಲಬೇಕಾಗಿಲ್ಲ. ಅಷ್ಟೇ ನಿಜ, ಲೇಸರ್‌ನಲ್ಲಿ ತೆಗೆಸಲು ಹೊರಟರೆ ಹಲವು ಸುತ್ತು ಅಲೆಯಬೇಕಾಗುತ್ತದೆ, ಖರ್ಚೂ ಹಾಕಿಸಿಕೊಂಡದ್ದಕ್ಕಿಂತ ಹೆಚ್ಚು.

ಕೊನೆಗೆ ನಾನು ಆರಿಸಿಕೊಂಡ ಚಿತ್ರ ಮಲ್ಪೆಯ ಎದುರಿಗಿರುವ ಸೈಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳದು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ತಣಿದು, ಕುಗ್ಗಿ, ಸೀಳಿ ಆದ ಕಂಬಗಳು ಅವು. ಹೆಚ್ಚಿನವು ಆರು ಮುಖದವು, ಐದೋ ಏಳೋ ಇರುವವೂ ಉಂಟು. ಮನೆಯಲ್ಲಿ ಯಾರಿಗೂ ಅವುಗಳ ಪರವೂ ಇಲ್ಲ, ವಿರೋಧವೂ ಇಲ್ಲ. ಇದೇ ನನಗೆ ಬೇಕಾಗಿದ್ದದ್ದು. ಜಾಗದ ವಿಷಯದಲ್ಲಿಯೂ ಇದೇ ಯೋಚನೆ ಮಾಡಿದೆ: ಶಂಖ ಒತ್ತಿಸಿಕೊಳ್ಳುತ್ತಿದ್ದ ಎಡ ಮುಂಗೈಯನ್ನು ಬಿಟ್ಟು, ತೋಳಿನ ಹೊರಬದಿಯನ್ನು ಆರಿಸಿದೆ. ಅಲ್ಲಿ ನೋವು ಕಡಿಮೆ, ಬಿಸಿಲು ಕಡಿಮೆ, ಬೇಕೆಂದಾಗ ರವಿಕೆಯ ತೋಳು ಮುಚ್ಚುತ್ತದೆ. ಮುಚ್ಚಿಡಬಹುದಾದ ಜಾಗ ಆರಿಸುವುದು ಹೇಡಿತನ ಎಂದು ಗೆಳತಿಯೊಬ್ಬಳು ಹೇಳಿದಳು. ಅಜ್ಜಿಯ ತಿಥಿಗೆ ಹೋಗಿ ಹಚ್ಚೆಯ ವಿಚಾರ ಮಾತಾಡುವ ಆಸೆ ನನಗಿಲ್ಲವಾದ್ದರಿಂದ ಅವಳ ಮಾತನ್ನು ಅಲ್ಲಿಗೇ ಬಿಟ್ಟೆ.

ಮಂಗಳೂರಿನಲ್ಲಿ ಹಚ್ಚೆಯ ಅಂಗಡಿಗಳಿಗೆ ಬರವಿಲ್ಲ. ನಾನು ಮೊದಲು ಹೋದ ಕಡೆ ಗೋಡೆಯ ತುಂಬ ಶಿವನ ಚಿತ್ರಗಳಿದ್ದವು, ಕೈಗವಸು ಬದಲಾಯಿಸದೆ ಫೋನ್ ಮುಟ್ಟುವ ಹುಡುಗನೂ ಇದ್ದ. ಚಿತ್ರಗಳಿಗಾಗಿ ಅಲ್ಲ, ಫೋನಿಗಾಗಿ ಎದ್ದು ಬಂದೆ. ಸೂಜಿಯಿಂದ ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ದಾಟಬಲ್ಲವು. ಹಾಗಾಗಿ ಸೂಜಿಯ ಕಾರ್ಟ್ರಿಜ್ ನಮ್ಮೆದುರೇ ಸೀಲು ಒಡೆಯಬೇಕು, ಶಾಯಿಯನ್ನು ಬಾಟಲಿಯಿಂದ ಒಬ್ಬರಿಗೆ ಮಾತ್ರ ಬಳಸುವ ಸಣ್ಣ ಬಟ್ಟಲಿಗೆ ಬಗ್ಗಿಸಿ ಉಳಿದದ್ದನ್ನು ಎಸೆಯಬೇಕು, ಯಂತ್ರಕ್ಕೂ ಅದರ ತಂತಿಗೂ ಪ್ಲಾಸ್ಟಿಕ್ ಹೊದಿಕೆ ಇರಬೇಕು. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸುಗಳು ಆರು ತಿಂಗಳಲ್ಲಿ ಮುಗಿಯುತ್ತವೆ. ಸಿಟ್ಟು ಇಳಿಯಲು ಕಾಯುವ ಅವಧಿಯಲ್ಲಿ ನಾನು ಅದನ್ನು ಮುಗಿಸಿಕೊಂಡಿದ್ದೆ. ಬಣ್ಣ ಬೇಡ, ಕಪ್ಪು ಸಾಕು ಎಂದು ಹೇಳಲು ರುಚಿಯ ಜೊತೆಗೆ ಇನ್ನೊಂದು ಕಾರಣವೂ ಇತ್ತು. ಐರೋಪ್ಯ ಒಕ್ಕೂಟ 2022ರ ಜನವರಿಯಿಂದ ಹಚ್ಚೆಯ ಶಾಯಿಯಲ್ಲಿ ಸಾವಿರಾರು ರಾಸಾಯನಿಕಗಳಿಗೆ ಮಿತಿ ಹಾಕಿದೆ, ಮರುವರ್ಷ ಒಂದು ನೀಲಿ, ಒಂದು ಹಸಿರು ವರ್ಣದ್ರವ್ಯವೂ ಆ ಪಟ್ಟಿಗೆ ಸೇರಿತು.

ಎರಡನೆಯ ಕಡೆಯ ಕಲಾವಿದೆ ನನ್ನ ಚಿತ್ರ ನೋಡಿ ಕಂಬಗಳ ಸಂಖ್ಯೆಯನ್ನು ಅರ್ಧಕ್ಕಿಳಿಸಿದರು. ಶಾಯಿ ವರ್ಷಗಳು ಹೋದಂತೆ ಚರ್ಮದೊಳಗೆ ಸ್ವಲ್ಪ ಹರಡುತ್ತದೆ. ಒತ್ತೊತ್ತಾಗಿ ಎಳೆದ ಗೆರೆಗಳು ಮುಂದೆ ಒಂದೇ ಕಪ್ಪು ಮುದ್ದೆಯಾಗುತ್ತವೆ. ನೇರ ಗೆರೆ ಹಚ್ಚೆಯಲ್ಲಿ ಕಷ್ಟದ ಕೆಲಸ, ತೋಳು ತಿರುಗಿದರೆ ಗೆರೆಯೂ ಬಾಗುತ್ತದೆ. ಅದಕ್ಕೆ ಅವರು ನನ್ನನ್ನು ಕೂರಿಸದೆ, ಕೈ ಸಡಿಲವಾಗಿ ಇಳಿಬಿಟ್ಟು ನಿಲ್ಲಿಸಿ ಸ್ಟೆನ್ಸಿಲ್ ಅಂಟಿಸಿದರು, ಕನ್ನಡಿಯಲ್ಲಿ ನೋಡಿಸಿದರು, ಒರೆಸಿ ಮತ್ತೆ ಅಂಟಿಸಿದರು. ಸೂಜಿ ಶುರುವಾದಾಗ ಆದದ್ದು ಸುಡುವ ನೋವಲ್ಲ, ಬಿಸಿಲಿಗೆ ಕಂದಿದ ಚರ್ಮದ ಮೇಲೆ ಉಗುರಿನಿಂದ ಗೀರಿದ ಹಾಗೆ. ತೋಳಿನ ಒಳಬದಿಯ ಕಡೆಗೆ ಗೆರೆ ತಿರುಗಿದಾಗ ಮಾತ್ರ ಹಲ್ಲು ಕಚ್ಚಬೇಕಾಯಿತು. ನಡುವೆ ಅವರು ಯಂತ್ರ ನಿಲ್ಲಿಸಿ, "ಮುಂದುವರಿಸಲಾ?" ಎಂದು ಕೇಳುತ್ತಿದ್ದರು. ಅದು ಅವರ ಕಸುಬಿನ ರೂಢಿಯ ಮಾತು. ನಾನು ಪ್ರತಿ ಸಲವೂ ಹೂಂ ಎನ್ನುವ ಮೊದಲು ಸ್ವಲ್ಪ ಹೊತ್ತು ತೆಗೆದುಕೊಂಡೆ.

ಕರಾವಳಿಯಲ್ಲಿ ಹಚ್ಚೆ ಹಾಕಿಸಿಕೊಳ್ಳುವವರು ಆಷಾಢ, ಶ್ರಾವಣವನ್ನೂ ಏಪ್ರಿಲ್ ಮೇ ತಿಂಗಳನ್ನೂ ಬಿಟ್ಟು, ಡಿಸೆಂಬರ್ ಜನವರಿಯನ್ನು ಆರಿಸುವುದು ಒಳ್ಳೆಯದು. ಬೆವರು ಗಾಯದ ಶತ್ರು. ದಿನಕ್ಕೆರಡು ಸಲ ವಾಸನೆಯಿಲ್ಲದ ಸೌಮ್ಯ ಸೋಪಿನಲ್ಲಿ ತೊಳೆದು, ಉಜ್ಜದೆ ಒತ್ತಿ ಒರೆಸಿ, ಮಾಯಿಶ್ಚರೈಸರ್ ತೆಳ್ಳಗೆ ಸವರಬೇಕು; ದಪ್ಪಗೆ ಬಳಿದರೆ ನಮ್ಮ ಹವೆಗೆ ಗುಳ್ಳೆ ಏಳುತ್ತದೆ. ಕೆಲವು ದಿನಕ್ಕೆ ಶಾಯಿ ಬೆರೆತ ಸಿಪ್ಪೆ ಏಳತೊಡಗುತ್ತದೆ, ತುರಿಕೆ ವಿಪರೀತ. ಕೆರೆಯಬಾರದು, ಸಿಪ್ಪೆಯನ್ನು ಕೀಳಬಾರದು. ಎರಡು ಮೂರು ವಾರ ಕೆರೆ, ಹೊಳೆ, ಸಮುದ್ರ ಯಾವುದಕ್ಕೂ ಇಳಿಯುವಂತಿಲ್ಲ. ಮಲ್ಪೆ, ಪಣಂಬೂರಿನವರಿಗೆ ಇದು ಅತಿಯಾದ ಎಚ್ಚರಿಕೆ ಎನಿಸಬಹುದು. ಆದರೆ ಹೊಸ ಹಚ್ಚೆಯೊಂದಿಗೆ ಮೆಕ್ಸಿಕೋ ಕೊಲ್ಲಿಯಲ್ಲಿ ಈಜಿ, ಸಮುದ್ರದ ನೀರಿನಲ್ಲಿರುವ ವಿಬ್ರಿಯೋ ಎಂಬ ಬ್ಯಾಕ್ಟೀರಿಯಾದ ಸೋಂಕು ತಗುಲಿ ಸತ್ತ ಯಕೃತ್ತಿನ ರೋಗಿಯೊಬ್ಬನ ವಿವರ 2017ರ ವೈದ್ಯಕೀಯ ವರದಿಯಲ್ಲಿದೆ.

ರಕ್ತದಾನ ಮಾಡುವವರು ಹಚ್ಚೆಯ ಮೇಲೆ 12 ತಿಂಗಳು ಕಾಯಬೇಕು ಎಂಬುದನ್ನು ಮೊದಲೇ ತಿಳಿದಿರಬೇಕು. ನಾನು ವರ್ಷಕ್ಕೊಮ್ಮೆ ಕೊಡುತ್ತಿದ್ದವಳು, ಆ ವರ್ಷ ಕೊಡಲಿಲ್ಲ. ಮನೆಯಲ್ಲಿ ನಾನೇ ಹೇಳಿದೆ, ಗಾಯ ಮಾಗಿದ ಮೇಲೆ. ತಂದೆಯವರು ಏನೂ ಹೇಳಲಿಲ್ಲ. ಅಮ್ಮನ ಪ್ರಶ್ನೆ ಒಂದೇ: ಹೀಗೆ ಚುಚ್ಚಿಸಿಕೊಳ್ಳಲು ಧೈರ್ಯ ಇದ್ದವಳು ಮುದ್ರೆಗೆ ಅಷ್ಟು ಅಳುತ್ತಿದ್ದದ್ದು ಏಕೆ? ನಾನು ಕಾರಣ ಹೇಳಿದೆ. ಅವಳು ಒಪ್ಪಲಿಲ್ಲ, ಆದರೆ ದೊಡ್ಡಮ್ಮ ಬಂದಾಗ ತೋಳು ಮುಚ್ಚಿಕೋ ಎಂದೂ ಹೇಳಲಿಲ್ಲ. ದೊಡ್ಡಮ್ಮ ಕನ್ನಡಕ ಏರಿಸಿ ನೋಡಿ, ಇದು ಜೇನುಗೂಡೋ ಎಂದು ಕೇಳಿ, ಎಷ್ಟು ದುಡ್ಡು ಕೊಟ್ಟೆ ಎಂಬ ವಿಚಾರಣೆಗೆ ಇಳಿದರು.