ಸಣ್ಣ ಮೋಟಾರ್ ದೋಣಿ ಹಿಡಿತಕ್ಕೆ ಸಿಗದಿದ್ದಾಗ: ಓಲಾಟ, ಕುಪ್ಪಳಿಕೆ, ಎಳೆತಗಳ ಮೂಲ ಹುಡುಕುವ ಕ್ರಮ

ದೋಣಿ ಒಂದು ಪಕ್ಕಕ್ಕೆ ವಾಲುತ್ತದೆ, ವೇಗ ಹೆಚ್ಚಿಸಿದರೆ ಮೂತಿ ಎತ್ತೆತ್ತಿ ಕುಕ್ಕುತ್ತದೆ, ತಿರುವಿನಲ್ಲಿ ಎಂಜಿನ್ ಅರಚಿಕೊಳ್ಳುತ್ತದೆಯೇ ಹೊರತು ದೋಣಿ ಮುಂದೆ ಹೋಗುವುದಿಲ್ಲ. ಇಂಥ ತೊಂದರೆ ಕಂಡ ಕೂಡಲೇ ಬಹುಪಾಲು ಮಾಲೀಕರ ಕಣ್ಣು ಎಂಜಿನ್ನಿನ ಮೇಲೋ ಪ್ರೊಪೆಲ್ಲರಿನ ಮೇಲೋ ಬೀಳುತ್ತದೆ. ಮೂತಿ ಇಳಿಸಲು ಒಪ್ಪದ ಒಂದು ಹಳೆಯ ದೋಣಿಗಾಗಿ ನಾನೂ ಎರಡು ಪ್ರೊಪೆಲ್ಲರ್ ಬದಲಿಸಿದ್ದೆ. ಕೊನೆಗೆ ಹಿಂಬದಿಯ ನೆಲದ ಹಲಗೆ ಬಿಚ್ಚಿ ನೋಡಿದರೆ, ದೋಣಿ ಮುಳುಗದಿರಲೆಂದು ಅದರಡಿ ತುಂಬಿದ ಫೋಮ್ ಹಿಂಡಿದರೆ ನೀರು ಸುರಿಯುವಷ್ಟು ನೆನೆದಿತ್ತು. ಅಂದಿನಿಂದ ನಾನು ಪಾಲಿಸುತ್ತ ಬಂದ ಕ್ರಮ ಇಷ್ಟೇ: ಮೊದಲು ಭಾರ, ಆಮೇಲೆ ತಳ, ನಂತರ ಸ್ಟಿಯರಿಂಗ್, ಎಲ್ಲಕ್ಕಿಂತ ಕೊನೆಗೆ ಎಂಜಿನ್ನಿನ ಎತ್ತರ ಮತ್ತು ಪ್ರೊಪೆಲ್ಲರ್. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಗುಣ ಬಂದದ್ದು ಯಾವುದರಿಂದ ಎಂದು ತಿಳಿಯುವುದೇ ಇಲ್ಲ.

ಪರೀಕ್ಷೆಗೆ ಅಲೆಯಿಲ್ಲದ, ಬೇರೆ ದೋಣಿಗಳ ಓಡಾಟವಿಲ್ಲದ ನೀರನ್ನು ಆರಿಸಿಕೊಳ್ಳಿ. ಎಲ್ಲರೂ ಲೈಫ್ ಜಾಕೆಟ್ ತೊಟ್ಟು ಕುಳಿತೇ ಇರಬೇಕು, ಎಂಜಿನ್ ನಿಲ್ಲಿಸುವ ಸುರಕ್ಷಾ ದಾರ ಚಾಲಕನ ಮೈಗೆ ಸಿಕ್ಕಿಸಿರಬೇಕು. ಪ್ರತಿ ಓಟದಲ್ಲೂ ವೇಗ, ಎಂಜಿನ್ನಿನ ಸುತ್ತು, ಟ್ರಿಮ್ಮಿನ ಸ್ಥಾನ (ನೀರಿನೊಳಗಿರುವ ಎಂಜಿನ್ನಿನ ಕಾಲು ದೋಣಿಯ ಕಡೆಗೆ ಅಥವಾ ಹೊರಕ್ಕೆ ಎಷ್ಟು ಓರೆಯಾಗಿದೆ ಎಂಬುದು), ಇಂಧನದ ಮಟ್ಟ, ಯಾರು ಎಲ್ಲಿ ಕುಳಿತಿದ್ದರು ಎಂಬುದನ್ನು ಬರೆದಿಡಿ.

ಮೊದಲ ಪರೀಕ್ಷೆಗೆ ಎಂಜಿನ್ ಚಾಲೂ ಮಾಡುವ ಅಗತ್ಯವೇ ಇಲ್ಲ. ಖಾಲಿ ದೋಣಿಯನ್ನು ಕಟ್ಟೆಗೆ ಸಡಿಲವಾಗಿ ಕಟ್ಟಿ, ನೇರ ಹಿಂದಿನಿಂದ ನೋಡಿ. ನೀರಿನ ಗೆರೆ ಎರಡೂ ಪಕ್ಕಗಳಲ್ಲಿ ಒಂದೇ ಎತ್ತರದಲ್ಲಿ ಇರದಿದ್ದರೆ ಬ್ಯಾಟರಿ, ಇಂಧನದ ಟ್ಯಾಂಕ್, ಲಂಗರು, ಸಾಮಾನಿನ ಪೆಟ್ಟಿಗೆಗಳು ಎಲ್ಲಿವೆ ಎಂದು ಲೆಕ್ಕ ಹಾಕಿ. ಇವುಗಳಿಗಿಂತ ಹೆಚ್ಚು ಕಾಡುವುದು ತಳದಲ್ಲಿ ನಿಂತ ನೀರು. ಒಂದು ಲೀಟರ್ ನೀರು ಸುಮಾರು ಒಂದು ಕಿಲೋ ತೂಗುತ್ತದೆ; 100 ಲೀಟರ್ ಸೇರಿಕೊಂಡರೆ ಒಬ್ಬ ದಪ್ಪ ಆಳನ್ನು ಸದಾ ಹೊತ್ತು ತಿರುಗಿದ ಹಾಗೆ. ಆ ಆಳು ಕುಳಿತಲ್ಲಿ ಕೂರುವವನೂ ಅಲ್ಲ. ದೋಣಿ ಎಡಕ್ಕೆ ವಾಲಿದರೆ ನೀರು ಎಡಕ್ಕೇ ಹರಿದು ವಾಲುವಿಕೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ, ವೇಗ ಹೆಚ್ಚಿಸಿದಾಗ ಹಿಂದಕ್ಕೆ ನುಗ್ಗಿ ಮೂತಿಯನ್ನು ಮೇಲೆತ್ತುತ್ತದೆ. ಆದ್ದರಿಂದ ದೋಣಿಯನ್ನು ಟ್ರೇಲರಿಗೆ ಏರಿಸಿ, ಮೂತಿ ಎತ್ತರಕ್ಕಿರುವಂತೆ ನಿಲ್ಲಿಸಿ, ತಳದ ಬಿರಡೆ ತೆಗೆದು ಎಷ್ಟು ಹೊತ್ತು ನೀರು ಇಳಿಯುತ್ತದೆ ನೋಡಿ. ಧಾರೆ ನಿಂತ ಮೇಲೂ ಗಂಟೆಗಟ್ಟಲೆ ತೊಟ್ಟಿಕ್ಕುತ್ತಿದ್ದರೆ ಫೋಮ್ ನೆನೆದಿರುವ ಶಂಕೆ ಬಲವಾಗುತ್ತದೆ. ಲಾರಿ ತೂಗುವ ವೇಬ್ರಿಡ್ಜಿನಲ್ಲಿ ಟ್ರೇಲರ್ ಸಮೇತ ತೂಗಿಸಿ, ಟ್ರೇಲರ್, ಎಂಜಿನ್, ಇಂಧನದ ತೂಕ ಕಳೆದು ತಯಾರಕರು ಕೊಟ್ಟ ಖಾಲಿ ತೂಕಕ್ಕೆ ಹೋಲಿಸಿದರೆ ಅನುಮಾನ ಪರಿಹಾರವಾಗುತ್ತದೆ. ಆಮೇಲೆ ಸೇರಿಸಿದ ಎತ್ತರದ ಆಸನ, ಚಾವಣಿ, ಚಾವಣಿಯ ಮೇಲಿನ ಸಾಮಾನು ಇವೂ ಗುರುತ್ವ ಕೇಂದ್ರವನ್ನು ಮೇಲಕ್ಕೆ ಒಯ್ದು ಓಲಾಟ ಹೆಚ್ಚಿಸುತ್ತವೆ.

ದೋಣಿ ಟ್ರೇಲರಿನ ಮೇಲೆ ಇರುವಾಗಲೇ ತಳ ನೋಡಿಬಿಡಿ. ಸುಮಾರು ಒಂದೂವರೆ ಮೀಟರ್ ಉದ್ದದ ನೇರವಾದ ಪಟ್ಟಿಯೊಂದನ್ನು ತಳದ ಹಿಂಭಾಗಕ್ಕೆ ಉದ್ದುದ್ದವಾಗಿ ಒತ್ತಿ ಹಿಡಿಯಿರಿ. ಪಟ್ಟಿಯ ನಡುವೆ ಸಂದು ಕಂಡರೆ ತಳ ಒಳಕ್ಕೆ ಬಾಗಿದೆ ಎಂದರ್ಥ. ಅಂಥ ದೋಣಿ ಮೂತಿ ತಗ್ಗಿಸಿಕೊಂಡು ಓಡುತ್ತದೆ, ವೇಗವೂ ಕಡಿಮೆ. ಪಟ್ಟಿ ನಡುವೆ ತಾಗಿ ತುದಿಗಳಲ್ಲಿ ತೂಗಾಡಿದರೆ ತಳ ಹೊರಕ್ಕೆ ಉಬ್ಬಿದೆ. ಅದು ಕುಪ್ಪಳಿಸುವ ದೋಣಿ. ಟ್ರೇಲರಿನ ಆಸರೆ ಪಟ್ಟಿಗಳು ಎಂಜಿನ್ ಕಟ್ಟಿರುವ ಹಿಂಬದಿಯ ಹಲಗೆಯವರೆಗೆ, ಅಂದರೆ ಟ್ರಾನ್ಸಮ್‌ವರೆಗೆ ಚಾಚಿಕೊಂಡಿರದಿದ್ದರೆ ಎಂಜಿನ್ನಿನ ಭಾರಕ್ಕೆ ತಳ ಒಳಕ್ಕೆ ಬಾಗಬಲ್ಲದು.

ಇನ್ನು ನೀರಿನ ಮೇಲೆ ಕಾಣುವ ಲಕ್ಷಣಗಳು. ಮೂತಿ ಒಂದೇ ತಾಳದಲ್ಲಿ ಏಳುತ್ತ ಬೀಳುತ್ತ ಇದ್ದರೆ ಅದನ್ನು ಪೋರ್ಪಾಯ್ಸಿಂಗ್ ಎನ್ನುತ್ತಾರೆ. ಮೂತಿ ಬಹಳ ಎತ್ತಿದಾಗ ತಳದ ಹಿಂಭಾಗವಷ್ಟೇ ನೀರಿಗೆ ತಾಗಿ, ಮುಂದೆ ಆಸರೆ ಸಾಲದೆ ಮೂತಿ ಬೀಳುತ್ತದೆ. ಬಿದ್ದೊಡನೆ ಆಸರೆ ಸಿಕ್ಕಿ ಮತ್ತೆ ಏಳುತ್ತದೆ. ಟ್ರಿಮ್ ಗುಂಡಿ ಒತ್ತಿ ಎಂಜಿನ್ನಿನ ಕಾಲನ್ನು ಸ್ವಲ್ಪ ಸ್ವಲ್ಪವೇ ದೋಣಿಯ ಕಡೆಗೆ ಒಳಕ್ಕೆ ತನ್ನಿ. ಹೆಚ್ಚಿನ ಸಲ ಕುಪ್ಪಳಿಕೆ ಅಲ್ಲಿಗೇ ನಿಲ್ಲುತ್ತದೆ. ನಿಲ್ಲದಿದ್ದರೆ ಒಬ್ಬರನ್ನು ಮುಂದಿನ ಆಸನಕ್ಕೆ ಕಳಿಸಿ ನೋಡಿ. ಆಗ ಸರಿಹೋದರೆ ನಿಮ್ಮ ಕಾಯಿಲೆ ಹಿಂಬದಿಯ ಭಾರ. ಟ್ರಿಮ್ಮನ್ನು ಅತಿಯಾಗಿ ಒಳಕ್ಕೆ ತಂದರೆ ಮಾತ್ರ ಮೂತಿ ನೀರನ್ನು ಉತ್ತು, ತಿರುವಿನಲ್ಲಿ ಮೂತಿಯ ಸುತ್ತಲೇ ದೋಣಿ ಗಿರಕ್ಕನೆ ತಿರುಗಿಬಿಡುವ ಇನ್ನೊಂದು ಅಪಾಯ ಹುಟ್ಟಿಕೊಳ್ಳುತ್ತದೆ.

ಪೂರ್ಣ ವೇಗದ ಹತ್ತಿರ ದೋಣಿ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಹೊರಳುವುದನ್ನು ಚೈನ್ ವಾಕಿಂಗ್ ಎನ್ನುತ್ತಾರೆ. ಇಲ್ಲಿ ಚೈನ್ ಎಂದರೆ ಸರಪಳಿಯಲ್ಲ, ತಳವೂ ಪಕ್ಕೆಯೂ ಕೂಡುವ ಅಂಚು. ಈ ಹೊರಳಾಟ ಒಮ್ಮೆ ಶುರುವಾದರೆ ಪ್ರತಿ ಸುತ್ತಿಗೂ ಬೆಳೆಯಬಲ್ಲದು. ಚಕ್ರ ತಿರುಗಿಸಿ ಸರಿಪಡಿಸಲು ಹೋಗಬೇಡಿ. ಥ್ರಾಟಲನ್ನು ನಿಧಾನವಾಗಿ ಇಳಿಸಿ, ಟ್ರಿಮ್ ಒಳಕ್ಕೆ ತನ್ನಿ. ದಡಕ್ಕೆ ಬಂದ ಮೇಲೆ ಎಂಜಿನ್ ನಿಲ್ಲಿಸಿ, ಜೊತೆಗಾರರೊಬ್ಬರಿಗೆ ಸ್ಟಿಯರಿಂಗ್ ಚಕ್ರವನ್ನು ಬಿಗಿಯಾಗಿ ಹಿಡಿದುಕೊಳ್ಳಲು ಹೇಳಿ, ಎಂಜಿನ್ನಿನ ಕೆಳತುದಿಯನ್ನು ಕೈಯಿಂದ ಎಡಬಲಕ್ಕೆ ಅಲ್ಲಾಡಿಸಿ. ಚಕ್ರ ಕದಲದೆಯೇ ಎಂಜಿನ್ ಅತ್ತಿತ್ತ ಆಡಿದರೆ ಆ ಸಡಿಲವೇ ನಿಮ್ಮ ಅಪರಾಧಿ. ಸವೆದ ಕೇಬಲ್ಲೋ, ಸಡಿಲಗೊಂಡ ಬೋಲ್ಟೋ, ಹೈಡ್ರಾಲಿಕ್ ವ್ಯವಸ್ಥೆಯಾದರೆ ಅದರೊಳಗೆ ಸೇರಿದ ಗಾಳಿಯೋ ಕಾರಣವಾಗಿರುತ್ತದೆ. ನಿಧಾನ ವೇಗದಲ್ಲಿ ದೋಣಿ ಅತ್ತಿತ್ತ ತುಸು ಅಲೆಯುವುದು ಬೇರೆಯೇ ಮಾತು. ವಿ ಆಕಾರದ ತಳಕ್ಕೆ ಅದು ಸಹಜ, ಚಕ್ರವನ್ನು ಪದೇ ಪದೇ ತಿರುಗಿಸಿದಷ್ಟೂ ಹೆಚ್ಚುತ್ತದೆ.

ಚಕ್ರ ಸದಾ ಒಂದೇ ಕಡೆಗೆ ಎಳೆಯುತ್ತಿದ್ದರೆ ಪ್ರೊಪೆಲ್ಲರಿನ ಮೇಲ್ಗಡೆ ಇರುವ ಪುಟ್ಟ ರೆಕ್ಕೆಯನ್ನು ನೋಡಿ. ಅದರ ಬೋಲ್ಟ್ ಸಡಿಲಿಸಿ, ದೋಣಿ ಯಾವ ಕಡೆಗೆ ಎಳೆಯುತ್ತದೋ ಅದೇ ಕಡೆಗೆ ರೆಕ್ಕೆಯ ಹಿಂತುದಿಯನ್ನು ಕೊಂಚ ತಿರುಗಿಸಿ ಬಿಗಿ ಮಾಡಿ.

ತಿರುವಿನಲ್ಲಿ ಸುತ್ತು ಏಕಾಏಕಿ ಏರಿ ವೇಗ ಕುಸಿದರೆ ಪ್ರೊಪೆಲ್ಲರ್ ಗಾಳಿ ಎಳೆದುಕೊಳ್ಳುತ್ತಿದೆ. ಇದನ್ನು ಜನ ಕ್ಯಾವಿಟೇಶನ್ ಎಂದು ಕರೆದುಬಿಡುತ್ತಾರೆ, ಆದರೆ ಅದು ಒತ್ತಡ ಕುಸಿದು ನೀರೇ ಆವಿಯಾಗುವ ಬೇರೊಂದು ವಿದ್ಯಮಾನ. ಪ್ರೊಪೆಲ್ಲರಿನ ಮೇಲಿರುವ ಅಗಲವಾದ ತಟ್ಟೆ ಸಾಮಾನ್ಯವಾಗಿ ದೋಣಿಯ ತಳದ ಮಟ್ಟದಲ್ಲಿ, ಇಲ್ಲವೇ ಅದಕ್ಕಿಂತ 25 ಮಿಲಿಮೀಟರಿನಷ್ಟು ಮೇಲೆ ಇರುತ್ತದೆ. ಅದಕ್ಕಿಂತ ಬಹಳ ಮೇಲಿದ್ದರೆ ಎಂಜಿನ್ನನ್ನು ಅದರ ಬೋಲ್ಟಿನ ಒಂದು ರಂಧ್ರದಷ್ಟು ಕೆಳಗಿಳಿಸಿ ನೋಡಿ. ನೇರ ಓಟದಲ್ಲೂ ಹೀಗೆಯೇ ಆದರೆ ಪ್ರೊಪೆಲ್ಲರಿನ ನಡುವಿನ ರಬ್ಬರ್ ಜಾರುತ್ತಿರಬಹುದು: ಒಳಗಿನ ಲೋಹದ ಭಾಗದಿಂದ ಹೊರಗಿನ ಭಾಗದವರೆಗೆ ಬಣ್ಣದ ಒಂದು ಗೆರೆ ಎಳೆದು, ಒಂದು ಓಟ ಮುಗಿಸಿ ಬಂದು ನೋಡಿ. ಗೆರೆ ತುಂಡಾಗಿ ಅತ್ತಿತ್ತ ಸರಿದಿದ್ದರೆ ರಬ್ಬರ್ ಹೋಗಿದೆ. ಪಿಚ್, ಅಂದರೆ ಪ್ರೊಪೆಲ್ಲರ್ ಒಂದು ಸುತ್ತಿಗೆ ಲೆಕ್ಕದಲ್ಲಿ ಮುಂದೆ ಸಾಗುವ ದೂರ, ಬದಲಿಸುವ ಯೋಚನೆ ಈಗ ಮಾಡಬಹುದು. ಒಂದು ಇಂಚು ಪಿಚ್ ಕಡಿಮೆಯಾದರೆ ಸುತ್ತು ನಿಮಿಷಕ್ಕೆ ಸುಮಾರು 150ರಿಂದ 200 ಏರುತ್ತದೆ.

ಅಡ್ಡಗಾಳಿಯಲ್ಲಿ ದೋಣಿ ಗಾಳಿ ಬರುವ ಕಡೆಗೇ ವಾಲಿದರೆ ಗಾಬರಿ ಬೇಡ. ಗಾಳಿಯ ತಳ್ಳುವಿಕೆಗೆ ಎದುರಾಗಿ ಚಕ್ರ ಹಿಡಿದಿರುವುದರಿಂದ ಹಾಗಾಗುತ್ತದೆ. ಹಿಂಬದಿಯಲ್ಲಿ ಟ್ರಿಮ್ ಟ್ಯಾಬ್‌ಗಳು, ಅಂದರೆ ತಳದ ಎರಡೂ ಪಕ್ಕಗಳಲ್ಲಿ ಏರಿಳಿಸಬಲ್ಲ ತಟ್ಟೆಗಳು ಇದ್ದರೆ ತಗ್ಗಿರುವ ಪಕ್ಕದ ಟ್ಯಾಬನ್ನು ಇಳಿಸಿ, ಆ ಪಕ್ಕ ಮೇಲೇಳುತ್ತದೆ. ಹಿಂದಿನಿಂದ ಅಲೆ ಬರುತ್ತಿರುವಾಗ ಮಾತ್ರ ಟ್ಯಾಬ್‌ಗಳನ್ನು ಪೂರ್ತಿ ಎತ್ತಿ, ಮೂತಿಯನ್ನೂ ಎತ್ತಿ ಹಿಡಿಯಿರಿ. ಮೂತಿ ಮುಂದಿನ ಅಲೆಗೆ ಹೊಕ್ಕರೆ ಹಿಂಬದಿ ಪಕ್ಕಕ್ಕೆ ತಿರುಗಿ ದೋಣಿ ಅಲೆಗೆ ಅಡ್ಡ ಬೀಳುತ್ತದೆ.

ಇಷ್ಟೆಲ್ಲ ಮಾಡಿದರೂ ದೋಷ ಸಿಗದಿದ್ದರೆ ಟ್ರಾನ್ಸಮ್ ಪರೀಕ್ಷಿಸಿ. ಎಂಜಿನ್ನನ್ನು ಅರ್ಧ ಎತ್ತಿ, ಅದರ ಕೆಳತುದಿಯ ಮೇಲೆ ಮೈಭಾರ ಹಾಕಿ ಒತ್ತಿರಿ. ಜೊತೆಗಾರರು ಬೋಲ್ಟುಗಳ ಸುತ್ತ ದಿಟ್ಟಿಸಲಿ. ಹಲಗೆ ಬಳುಕಿದರೆ, ಕೂದಲೆಳೆಯ ಬಿರುಕು ಬಾಯಿ ತೆರೆದು ಮುಚ್ಚಿದರೆ, ಬೋಲ್ಟಿನ ಬುಡದಿಂದ ಕಂದು ನೀರು ಜಿನುಗಿದರೆ ಒಳಗಿನ ಮರ ಕೊಳೆತಿದೆ. ಆ ದೋಣಿಯನ್ನು ದುರಸ್ತಿಯಾಗುವವರೆಗೆ ನೀರಿಗೆ ಇಳಿಸಬೇಡಿ.