ತಾಯಿ ಕಾರ್ಡ್ ಮರೆಯಬೇಡಿ: ಇಂಗ್ಲೆಂಡಿಗೆ ಹೊರಟವರಿಗೆ ಲಸಿಕೆಯ ಲೆಕ್ಕ

ಈ ಸಲ ದಾವಣಗೆರೆಗೆ ಬಂದಾಗ ಚಿಕ್ಕಮ್ಮನ ಸೊಸೆ ನಮ್ಮಮ್ಮನ ಮನೆಗೆ ಬಂದಳು. ಒಂದು ಕೈಯಲ್ಲಿ ಮಂಡಕ್ಕಿ ಮಿರ್ಚಿ ಪೊಟ್ಟಣ, ಇನ್ನೊಂದರಲ್ಲಿ ಮಗನ ತಾಯಿ ಕಾರ್ಡ್. ಗಂಡನಿಗೆ ಲೀಡ್ಸ್‌ನಲ್ಲಿ ಕೆಲಸ ಸಿಕ್ಕಿದೆ, ಮುಂದಿನ ತಿಂಗಳು ಹೊರಡುತ್ತಾರೆ. "ಅಕ್ಕ, ಎಲ್ಲಾ ಇಂಜೆಕ್ಷನ್ ಹಾಕ್ಸೀವಿ. ಅಲ್ಲಿ ಮತ್ತೇನೂ ಇರಲ್ಲ ಅಲ್ವಾ?" ಅಂದಳು.

ಇರುತ್ತೆ ಅಂದೆ. ಅವಳ ಮುಖ ಸಪ್ಪಗಾಯಿತು. ಅವಳಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಎರಡು ಮಕ್ಕಳನ್ನು ಅಲ್ಲಿ ಬೆಳೆಸುತ್ತಿರುವವಳು, ಅಷ್ಟೆ.

ನಮ್ಮೂರಲ್ಲಿ ಲಸಿಕೆ ಮಗುವನ್ನು ಹುಡುಕಿಕೊಂಡು ಬರುತ್ತದೆ. ಆಶಾ ಕಾರ್ಯಕರ್ತೆ ಬಾಗಿಲು ಬಡಿಯುತ್ತಾರೆ, ಅಂಗನವಾಡಿಯವರು ಹೇಳಿ ಕಳಿಸುತ್ತಾರೆ. ಪೋಲಿಯೊ ಭಾನುವಾರ ಬಂದರೆ ಬಸ್ ಸ್ಟ್ಯಾಂಡಿನಲ್ಲೂ ಹಿಡಿದು ಹನಿ ಹಾಕುತ್ತಾರೆ. ಇಂಗ್ಲೆಂಡಿನಲ್ಲಿ ಒಂದು ಪತ್ರ ಬರುತ್ತದೆ. ಅದೂ ನೀವು ಜಿಪಿ ಹತ್ತಿರ, ಅಂದರೆ ನಿಮ್ಮ ಏರಿಯಾದ ಡಾಕ್ಟರ ಕ್ಲಿನಿಕ್ಕಿನಲ್ಲಿ, ಹೆಸರು ಬರೆಸಿದ್ದರೆ ಮಾತ್ರ. ಹಾಗಾಗಿ ಮನೆ ಸಿಕ್ಕ ವಾರವೇ ಆ ಕೆಲಸ ಮುಗಿಸಿ. ನೋಂದಣಿಗೆ ದುಡ್ಡಿಲ್ಲ. ವಿಳಾಸದ ದಾಖಲೆ ಇಲ್ಲ ಅಂತ ವಾಪಸ್ ಕಳಿಸುವ ಹಾಗೂ ಇಲ್ಲ. ಕೌಂಟರಿನಲ್ಲಿ ಕೇಳಿದರೆ ಇದನ್ನು ನೆನಪಿಟ್ಟುಕೊಳ್ಳಿ. ಮಕ್ಕಳ ಲಸಿಕೆಗಳೂ ಉಚಿತ. ಕಡ್ಡಾಯವಂತೂ ಅಲ್ಲ, ಹಾಕಿಸದಿದ್ದರೂ ಶಾಲೆಗೆ ಸೇರಿಸಿಕೊಳ್ಳುತ್ತಾರೆ. ಯಾರೂ ಬೈಯುವುದಿಲ್ಲ. ಆ ಬೈಗುಳ ಇಲ್ಲದ್ದೇ ನಮ್ಮವರಿಗೆ ಒಂದು ತೊಂದರೆ ಅಂತ ನನಗೆ ಅನಿಸುತ್ತದೆ. ಪತ್ರ ಫ್ರಿಜ್ಜಿನ ಮೇಲೆ ಅಂಟಿಕೊಂಡೇ ಇರುತ್ತದೆ, ಮಗುವಿಗೆ ಆರು ತಿಂಗಳು ಜಾಸ್ತಿ ಆಗಿರುತ್ತದೆ.

ಈಗ ಕಾರ್ಡಿನ ವಿಷಯ. ಅವಳ ಮಗನಿಗೆ 20 ತಿಂಗಳು. ಸರ್ಕಾರಿ ಪಟ್ಟಿಯ ಪ್ರಕಾರ 9ನೇ ತಿಂಗಳಿಗೆ ಒಂದು ಎಂಆರ್, ಅಂದರೆ ದಡಾರ-ರುಬೆಲ್ಲಾ ಲಸಿಕೆ, 16ನೇ ತಿಂಗಳಿಗೆ ಇನ್ನೊಂದು ಆಗಿದೆ. ಇಂಗ್ಲೆಂಡಿನ ನರ್ಸ್ ಮೊದಲನೆಯದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಾರಣ ನಮ್ಮ ಆಸ್ಪತ್ರೆ ಸರಿಯಿಲ್ಲ ಅಂತಲ್ಲ. ಹುಟ್ಟುವಾಗ ಮಗು ತಾಯಿಯಿಂದ ಪ್ರತಿಕಾಯಗಳನ್ನು, ಅಂದರೆ ರೋಗ ತಡೆಯುವ ಕಾವಲುಗಾರರನ್ನು, ತಂದಿರುತ್ತದೆ. ದಡಾರದ ಲಸಿಕೆಯಲ್ಲಿರುವುದು ಬಲ ಕುಗ್ಗಿಸಿದ ಜೀವಂತ ವೈರಸ್. ಅಮ್ಮನ ಕಾವಲುಗಾರರು ಇನ್ನೂ ಉಳಿದಿದ್ದರೆ ಅದನ್ನು ಮೊದಲೇ ಮುಗಿಸಿಬಿಡುತ್ತಾರೆ. ಮಗುವಿನ ಮೈ ಸ್ವಂತವಾಗಿ ಏನೂ ಕಲಿಯುವುದಿಲ್ಲ. ವರ್ಷ ತುಂಬಿದ ಮೇಲೆ ಕೊಟ್ಟರೆ ಹೆಚ್ಚು ಮಕ್ಕಳಲ್ಲಿ ಚೆನ್ನಾಗಿ ನಾಟುತ್ತದೆ. ಹಾಗಾದರೆ ನಮ್ಮಲ್ಲಿ 9 ತಿಂಗಳಿಗೇ ಯಾಕೆ? ದಡಾರ ಜಾಸ್ತಿ ಇರುವ ಕಡೆ ವರ್ಷ ತುಂಬುವವರೆಗೆ ಕಾಯುವುದು ಅಪಾಯ. ಎರಡೂ ಸರಿಯೇ, ಊರು ಬೇರೆ.

16 ತಿಂಗಳಿನದ್ದು? ಅದರಲ್ಲಿ ದಡಾರ, ರುಬೆಲ್ಲಾ ಇವೆ, ಮಂಗನಬಾವು ಇಲ್ಲ. ಹಾಗಾಗಿ ಮತ್ತೆ ಚುಚ್ಚುತ್ತಾರೆ. ಖಾಸಗಿ ಕ್ಲಿನಿಕ್ಕಿನಲ್ಲಿ ಮಂಗನಬಾವೂ ಸೇರಿದ ಎಂಎಂಆರ್ ಹಾಕಿಸಿದ್ದರೆ ಲೆಕ್ಕ ಬೇರೆಯಾಗುತ್ತದೆ. ಅದಕ್ಕೇ ಲಸಿಕೆಯ ಹೆಸರು, ತಾರೀಖು ಎರಡೂ ಬೇಕು. ಬರವಣಿಗೆ ಅರ್ಥವಾಗದಿದ್ದರೆ ಹೊರಡುವ ಮುಂಚೆ ಮಕ್ಕಳ ಡಾಕ್ಟರ ಹತ್ತಿರ ಇಂಗ್ಲಿಷಿನಲ್ಲಿ ಒಂದು ಹಾಳೆ ಬರೆಸಿಕೊಳ್ಳಿ, ಕಾರ್ಡಿನ ಫೋಟೊ ತೆಗೆದಿಡಿ. ದಾಖಲೆ ಇಲ್ಲದಿದ್ದರೆ ಲಸಿಕೆ ಆಗಿಲ್ಲ ಅಂತಲೇ ಹಿಡಿದು ಮೊದಲಿನಿಂದ ಶುರು ಮಾಡುತ್ತಾರೆ.

ಪೋಲಿಯೊ ಹನಿಗೂ ಇಂಥದೇ ಕಥೆ. 2016ರ ಏಪ್ರಿಲ್‌ನಿಂದ ಬಾಯಿ ಹನಿಯಲ್ಲಿ 2ನೇ ಬಗೆಯ ವೈರಸ್ ಇಲ್ಲ. 2022ರಲ್ಲಿ ಲಂಡನ್ನಿನ ಚರಂಡಿ ನೀರಿನಲ್ಲಿ ಸಿಕ್ಕಿದ್ದು ಅದೇ 2ನೇ ಬಗೆ. ಆಗ ಅಲ್ಲಿನ 1ರಿಂದ 9 ವರ್ಷದ ಮಕ್ಕಳಿಗೆಲ್ಲ ಹೆಚ್ಚುವರಿ ಡೋಸ್ ಕೊಟ್ಟರು. ಹನಿಯಿಂದ ಆ ಬಗೆಗೆ ರಕ್ಷಣೆ ಇಲ್ಲದ್ದರಿಂದ ನಿಮ್ಮ ಮಗುವಿಗೂ ಪೋಲಿಯೊ ಚುಚ್ಚುಮದ್ದು ಬೇಕು ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ಐದು ರೋಗಗಳಿಗೆ ಒಟ್ಟಿಗೆ ಕೊಡುವ ಪೆಂಟಾ ಲಸಿಕೆ ಮಾತ್ರ ಸಾಮಾನ್ಯವಾಗಿ ಲೆಕ್ಕಕ್ಕೆ ಸೇರುತ್ತದೆ.

ಅಲ್ಲೇ ಹುಟ್ಟುವ ಮಕ್ಕಳಿಗೆ ಬಿಸಿಜಿ, ಅಂದರೆ ಟಿಬಿ ಲಸಿಕೆ, ಎಲ್ಲರಿಗೂ ಕೊಡುವುದಿಲ್ಲ. ಅಪ್ಪ, ಅಮ್ಮ, ಅಜ್ಜ, ಅಜ್ಜಿ ಇವರಲ್ಲಿ ಒಬ್ಬರು ಟಿಬಿ ಜಾಸ್ತಿ ಇರುವ ದೇಶದಲ್ಲಿ ಹುಟ್ಟಿದ್ದರೆ ಕೊಡುತ್ತಾರೆ. ಭಾರತ ಆ ಪಟ್ಟಿಯಲ್ಲಿದೆ. ಬಸುರಿನಲ್ಲೇ ಕೇಳುತ್ತಾರೆ, ಕೇಳದಿದ್ದರೆ ನೀವೇ ಹೇಳಿ. ಹುಟ್ಟಿದ ದಿನವೇ ಕೊಡಲಿಲ್ಲ ಅಂತ ಊರಿನಿಂದ ಅಜ್ಜಿ ಗಾಬರಿಯಾಗಿ ಫೋನ್ ಮಾಡಬಹುದು. ಸುಮಾರು 28 ದಿನ ಆದ ಮೇಲೆ ಕೊಡುವುದು ಅಲ್ಲಿನ ಪದ್ಧತಿ. ಹಿಮ್ಮಡಿ ರಕ್ತದ ಪರೀಕ್ಷೆಯಲ್ಲಿ ರೋಗನಿರೋಧಕ ಶಕ್ತಿಯ ದೋಷ ಏನಾದರೂ ಇದೆಯಾ ಅಂತ ನೋಡಿ ಕೊಡುತ್ತಾರೆ. ಲಸಿಕೆಯ ಲೆಕ್ಕವೆಲ್ಲ ರೆಡ್ ಬುಕ್ ಅನ್ನುವ ಕೆಂಪು ಪುಸ್ತಕದಲ್ಲಿ. ಅಲ್ಲಿನ ತಾಯಿ ಕಾರ್ಡ್ ಅಂದುಕೊಳ್ಳಿ.

ಇನ್ನು ಸೀತಾಳೆ ಸಿಡುಬು. ನಮ್ಮ ಕಡೆ "ಅಮ್ಮ ಬಂದೈತೆ" ಅಂತ ಬೇವಿನ ಸೊಪ್ಪು ಕಟ್ಟುತ್ತೇವೆ. ಇಂಗ್ಲೆಂಡಿನವರೂ ಒಂದು ರೀತಿಯಲ್ಲಿ ಹಾಗೇ ಇದ್ದರು, ಬರುತ್ತೆ ಹೋಗುತ್ತೆ ಅಂತ. ಅದಕ್ಕೆ ವಿಜ್ಞಾನದ ಕಾರಣವೂ ಇತ್ತು. ಈ ವೈರಸ್ ಮೈಯಲ್ಲೇ ಅಡಗಿದ್ದು ವಯಸ್ಸಾದ ಮೇಲೆ ಸರ್ಪಸುತ್ತಾಗಿ ಏಳುತ್ತದೆ. ಸುತ್ತಮುತ್ತ ಮಕ್ಕಳಿಗೆ ಬರುತ್ತಿದ್ದರೆ ದೊಡ್ಡವರ ಮೈಗೆ ಆಗಾಗ ನೆನಪಾಗಿ ಸರ್ಪಸುತ್ತು ತಡೆದೀತು, ಮಕ್ಕಳಿಗೆ ಲಸಿಕೆ ಕೊಟ್ಟರೆ ಅದು ತಪ್ಪೀತು ಅನ್ನುವ ಭಯ. ಅಮೆರಿಕದಲ್ಲಿ ದಶಕಗಳ ಕಾಲ ನೋಡಿದ ಮೇಲೆ ಆ ಭಯ ಕಡಿಮೆಯಾಯಿತು. 2023ರ ನವೆಂಬರಿನಲ್ಲಿ ಬ್ರಿಟನ್ನಿನ ತಜ್ಞರ ಸಮಿತಿ ಈ ಲಸಿಕೆ ಕೊಡಲು ಶಿಫಾರಸು ಮಾಡಿತು. 2026ರ ಜನವರಿಯಿಂದ ಎಂಎಂಆರ್ ಜೊತೆಗೇ ಇದೂ ಸೇರಿದೆ, 12 ಮತ್ತು 18 ತಿಂಗಳಿಗೆ.

ಸಸ್ಯಾಹಾರಿಗಳು ಒಂದು ವಿಷಯ ತಿಳಿದಿರಬೇಕು. ಚಳಿಗಾಲದ ಮುಂಚೆ ಶಾಲೆಯಲ್ಲಿ ಮಕ್ಕಳ ಮೂಗಿಗೆ ಫ್ಲೂ ಸ್ಪ್ರೇ ಹೊಡೆಯುತ್ತಾರೆ. ಅದರಲ್ಲಿ ಹಂದಿಯ ಜೆಲಟಿನ್ ಇದೆ. ಬೇಡ ಅಂದರೆ ಇಂಜೆಕ್ಷನ್ ಕೇಳಿ, ಕೊಡುತ್ತಾರೆ. ಮನೆಗೆ ಬರುವ ಒಪ್ಪಿಗೆ ಪತ್ರ ಓದಿಯೇ ಸಹಿ ಹಾಕಿ. ಎಂಎಂಆರ್‌ನಲ್ಲೂ ಪ್ರಿಯಾರಿಕ್ಸ್ ಅನ್ನುವ ಬ್ರ್ಯಾಂಡಿನದ್ದರಲ್ಲಿ ಜೆಲಟಿನ್ ಇಲ್ಲ. ಮುಂಚೆಯೇ ಫೋನ್ ಮಾಡಿ ಹೇಳಿದರೆ ತರಿಸಿಡುತ್ತಾರೆ. ನಮ್ಮ ಮನೆಯಲ್ಲಿ ಇದಕ್ಕೆ ಎರಡು ದಿನ ಚರ್ಚೆ ನಡೆದಿತ್ತು, ಕೊನೆಗೆ ಒಂದು ಫೋನ್ ಕಾಲಿನಲ್ಲಿ ಮುಗಿಯಿತು.

"ಅಕ್ಕ, ಎಂಎಂಆರ್‌ನಿಂದ ಆಟಿಸಂ ಬರುತ್ತಂತಲ್ಲ?" ಅಂತ ಅವಳು ಮೆಲ್ಲಗೆ ಕೇಳಿದಳು. ವಾಟ್ಸಾಪ್‌ನಲ್ಲಿ ಬಂದಿದ್ದಂತೆ. ಆ ಮಾತು ಹುಟ್ಟಿದ್ದೇ ಲಂಡನ್ನಿನಲ್ಲಿ. 1998ರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಅನ್ನುವವರು ಬರೀ 12 ಮಕ್ಕಳನ್ನು ನೋಡಿ ಬರೆದ ಲೇಖನ ಅದಕ್ಕೆ ಮೂಲ. 2010ರಲ್ಲಿ ಅದನ್ನು ಪ್ರಕಟಿಸಿದ್ದ ವೈದ್ಯಕೀಯ ಪತ್ರಿಕೆಯೇ ಅದನ್ನು ಹಿಂದಕ್ಕೆ ಪಡೆಯಿತು, ಅವರ ಡಾಕ್ಟರಿಕೆಯೂ ಹೋಯಿತು. 2019ರಲ್ಲಿ ಡೆನ್ಮಾರ್ಕಿನವರು 6,57,461 ಮಕ್ಕಳ ದಾಖಲೆ ನೋಡಿದರು. ಎಂಎಂಆರ್ ಹಾಕಿಸಿಕೊಂಡವರಲ್ಲಿ ಆಟಿಸಂ ಹೆಚ್ಚು ಕಾಣಲಿಲ್ಲ. ಆದರೂ ಅನುಮಾನ ಪೂರ್ತಿ ಹೋಗಿಲ್ಲ. 5 ವರ್ಷಕ್ಕೆ ಎರಡೂ ಡೋಸ್ ಮುಗಿಸಿದವರು ಇಂಗ್ಲೆಂಡಿನಲ್ಲಿ ನೂರಕ್ಕೆ ಸುಮಾರು 84. ದಡಾರ ಹರಡದಿರಲು ಬೇಕಾದದ್ದು 95. 2024ರಲ್ಲಿ ಅಲ್ಲಿ 2,911 ದಡಾರ ಪ್ರಕರಣ ಖಚಿತವಾದವು. ಅವಳಿಗೆ ಬೈಯಲಿಲ್ಲ. ಕೇಳಿದ್ದೇ ಒಳ್ಳೆಯದಾಯಿತು ಅಂದೆ. ಅಲ್ಲಿನ ನರ್ಸ್‌ಗಳನ್ನೂ ಹೀಗೇ ಕೇಳಬಹುದು, ಕೂರಿಸಿ ಹೇಳುತ್ತಾರೆ.

ದೊಡ್ಡ ಮಕ್ಕಳಿಗೆ 12-13 ವರ್ಷಕ್ಕೆ ಶಾಲೆಯಲ್ಲೇ ಎಚ್‌ಪಿವಿ, ಅಂದರೆ ಗರ್ಭಕೊರಳಿನ ಕ್ಯಾನ್ಸರ್ ತರುವ ವೈರಸ್‌ಗೆ ಲಸಿಕೆ, ಹುಡುಗರಿಗೂ ಸೇರಿ, ಈಗ ಒಂದೇ ಡೋಸ್. "ಈ ವಯಸ್ಸಿಗೆ ಯಾಕೆ" ಅಂತ ಹೆಣ್ಣುಮಕ್ಕಳ ಅಪ್ಪಂದಿರು ಹಿಂಜರಿಯುತ್ತಾರೆ. ಸ್ಕಾಟ್ಲೆಂಡಿನ ಅಧ್ಯಯನ 2024ರಲ್ಲಿ ಬಂತು. ಆ ವಯಸ್ಸಿಗೆ ಪೂರ್ತಿ ಹಾಕಿಸಿಕೊಂಡವರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಒಬ್ಬರಿಗೂ ಕಾಣಲಿಲ್ಲ.

ಕೊನೆಗೆ ರಜೆಗೆ ಊರಿಗೆ ಬರುವ ಮಾತು. ಹೊರಡುವ ಎರಡು ತಿಂಗಳು ಮುಂಚೆ ಜಿಪಿ ಹತ್ತಿರ ವಿಚಾರಿಸಿ. ಟೈಫಾಯ್ಡ್, ಹೆಪಟೈಟಿಸ್ ಎ ಉಚಿತ. ಪ್ರಯಾಣಕ್ಕೆ ಅಂತ ರೇಬೀಸ್ ಹಾಕಿಸಿಕೊಂಡರೆ ದುಡ್ಡು ಕೊಡಬೇಕು. ನಮ್ಮ ಬೀದಿಯ ನಾಯಿಗಳನ್ನು ನೆನೆಸಿಕೊಂಡು ನಾನು ಕೊಟ್ಟೆ. ಮಗು ಇನ್ನೂ ಸಣ್ಣದಾಗಿದ್ದರೆ 6 ತಿಂಗಳಾದ ಮೇಲೆ ಎಂಎಂಆರ್ ಬೇಗ ಕೊಡಿಸಬಹುದು, ಊರಲ್ಲಿ ದಡಾರ ತಗುಲದಿರಲಿ ಅಂತ. ಆದರೆ ವರ್ಷ ತುಂಬಿದ ಮೇಲೆ ಅದು ಲೆಕ್ಕಕ್ಕಿಲ್ಲ, ಮತ್ತೆ ಎರಡು ಡೋಸ್ ಹಾಕಿಸಬೇಕು.

ಅವಳು ಮಿರ್ಚಿ ಕಚ್ಚುತ್ತಿದ್ದವಳು ಅಲ್ಲೇ ನಿಲ್ಲಿಸಿ ನಕ್ಕಳು. "ಅವರು ಹಾಕಿದ್ದನ್ನೂ ಅವರೇ ಲೆಕ್ಕಕ್ಕೆ ಹಿಡಿಯಲ್ವಾ? ಹಂಗಾದ್ರೆ ನಮ್ಮದನ್ನ ಬಿಟ್ರೂ ಪರವಾಗಿಲ್ಲ ಬಿಡಕ್ಕ."